ಹದಿನೆಂಟು ಮತ್ತು ಹದಿನೆಂಟು

ಸ್ಲೇಟ್ ಹಾರ್ಬರ್, ಮಿಷಿಗನ್
9 ಫೆಬ್ರವರಿ 2014

ಅನ್ನಿ,

ನನ್ನ ಬೀಳ್ಕೊಡುಗೆಯ ಕೇಕನ್ನು ನಾನೇ ಬೇಯಿಸಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಇದಕ್ಕಿಂತ ಕೆಟ್ಟದ್ದು.

ಹೋಮ್‌ನ ಅಡುಗೆಮನೆ ಮುಚ್ಚಿದರು. ಇನ್ನು ಮುಂದೆ ಅಲ್ಲಿನ ಮುದುಕರಿಗೆ ಎಲ್ಲಿಂದಲೋ ಲಾರಿಯಲ್ಲಿ ಹೆಪ್ಪುಗಟ್ಟಿಸಿದ ಊಟ ಬರುತ್ತದಂತೆ. ಶುಕ್ರವಾರ ಬೆಳಿಗ್ಗೆ ಹೋಮ್ ನಡೆಸುವ ಮಿಸೆಸ್ ಟ್ರೆವಾರೋ ತಾನೇ ನನ್ನ ಒಲೆಯ ಪಕ್ಕ ಬಂದು ನಿಂತಳು. "ಸೈಮಾ, ಮೂರು ಗಂಟೆಗೆ ನಿಂಗೊಂದು ಸಣ್ಣ ಪಾರ್ಟಿ ಇಟ್ಕೊಂಡಿದೀವಿ. ಕೇಕು ಯಾರು ಮಾಡ್ತಾರೋ ಏನೋ," ಎಂದು ನನ್ನ ಕೈ ನೋಡಿದಳು. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಿಟ್ಟಿನ ಡಬ್ಬಕ್ಕೆ ಹೋಯಿತು. ಆ ಕೈಯನ್ನು ಈಗಲೂ ಬೈಯುತ್ತಿದ್ದೇನೆ.

ಪಾರ್ಟಿಯಲ್ಲಿ ಲೆಕ್ಕ ಬರೆಯುವ ರೂಥ್ ನನ್ನ ಪಕ್ಕ ಕೂತಿದ್ದಳು. "ನಿನ್ನ ನಿವೃತ್ತಿ ಖಾತೆ ಏನ್ಮಾಡ್ತೀಯ ಸೈಮಾ? ಇಲ್ಲೇ ಬಿಡ್ತೀಯೋ, ತೆಗೀತೀಯೋ?"

"ಯಾವ ಖಾತೆ?"

ರೂಥಳ ಚಮಚ ಅರ್ಧದಲ್ಲೇ ನಿಂತಿತು. ಅವಳು ಟ್ರೆವಾರೋ ಮುಖ ನೋಡಿದಳು. ಟ್ರೆವಾರೋ ಕೇಕಿನ ಮುಖ ನೋಡಿದಳು.

ಆಮೇಲೆ ಹೊರಗೆ, ಕಾರುಗಳ ಮೇಲಿನ ಹಿಮ ಕೆರೆಯುತ್ತ, ರೂಥ್ ಎಲ್ಲ ಹೇಳಿದಳು. ಹೋಮ್‌ನ ನೌಕರರಿಗೆ ಒಂದು ನಿವೃತ್ತಿ ಯೋಜನೆ ಇದೆ. ಸಂಬಳದಲ್ಲಿ ನಾವು ಸ್ವಲ್ಪ ಹಾಕಿದರೆ ಅಷ್ಟನ್ನೇ ಹೋಮ್ ಕೂಡ ಸೇರಿಸುತ್ತದೆ. ಆದರೆ ವಾರಕ್ಕೆ ಇಪ್ಪತ್ತು ಗಂಟೆ ದುಡಿಯದವರಿಗೆ ಅದು ಇಲ್ಲ. ನಾನು ಅಡುಗೆಮನೆಯಲ್ಲಿ ಹದಿನೆಂಟು ಗಂಟೆ, ಊಟದ ವ್ಯಾನಿನಲ್ಲಿ ಹದಿನೆಂಟು ಗಂಟೆ. ಕಾಗದದ ಮೇಲೆ ನಾನು ಇಬ್ಬರು ಹೆಂಗಸರು, ಇಬ್ಬರಿಗೂ ಇಪ್ಪತ್ತು ತುಂಬಿಲ್ಲ! ಬಟ್ಟೆ ಒಗೆಯುವವರು, ನೆಲ ಒರೆಸುವವರು, ರೋಗಿಗಳನ್ನು ಎತ್ತಿ ಕೂರಿಸುವವರು, ಹೀಗೆ ಸೀಳಿದ ಹೆಂಗಸರು ಮೂವತ್ತೊಂದು ಜನ ಇದ್ದೇವಂತೆ. ಗಣಿಯ ಕಾಲದಲ್ಲಿ ಟ್ರೆವಾರೋಗಳ ಅಜ್ಜಂದಿರು ಮೇಲೆ ನಿಂತು ನಮ್ಮ ಅಜ್ಜಂದಿರನ್ನು ಕೆಳಗಿಳಿಸುತ್ತಿದ್ದರು. ಗಣಿ ಮುಚ್ಚಿದೆ, ಹಗ್ಗ ಮಾತ್ರ ಇನ್ನೂ ಅವರ ಕೈಯಲ್ಲೇ.

ಪ್ರತಿ ಮೇ ತಿಂಗಳ ಔತಣದಲ್ಲಿ ಅವಳು ತನ್ನ ಕೈಯಾರೆ ನಮ್ಮ ಎದೆಗೆ ಚುಚ್ಚುತ್ತಿದ್ದ ಹೆಸರಿನ ಬಿಲ್ಲೆಯ ಪಿನ್ನು ನೆನಪಿದೆಯಲ್ಲ? "ಸೈಮಾ ರಾಂತಾ, ಪ್ರೀತಿಯ 1,872 ಗಂಟೆ" ಎಂದು ಕೆತ್ತಿದ್ದು? ಅಂಥವು ಹತ್ತು ಇದ್ದವು. ಎಲ್ಲವನ್ನೂ ಕೋಟಿನ ಜೇಬಿಗೆ ಸುರಿದುಕೊಂಡು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು, ನಿನ್ನ ಆರ್ವೋ ಮಾವ ಮೀನು ಹಿಡಿಯಲು ಮಂಜುಗಡ್ಡೆಯಲ್ಲಿ ಕೊರೆದ ತೂತಿನಲ್ಲಿ ಒಂದೊಂದಾಗಿ ಬಿಟ್ಟೆ.

"ಏನೇ ಅದು? ಮೀನು ಓಡೋಗ್ತವೆ ಕಣೇ," ಎಂದ ಮಾವ.

"ಓಡ್ಲಿ ಬಿಡಿ. ನನ್ನನ್ನೂ ಓಡ್ಸಿದಾರೆ."

ನೀನು ಒಮಾಹಾದಲ್ಲಿ ಇಂಥದ್ದೇ ಯಾವುದೋ ಆಫೀಸಿನಲ್ಲಿ ಇದ್ದೀಯಲ್ಲ. ದುಡ್ಡು ಸಿಗುತ್ತದೋ ಎಂದು ಕೇಳುತ್ತಿಲ್ಲ. ಅವಳ ಚರ್ಮ ಎಲ್ಲಿಂದ ಸುಲಿಯಲು ಶುರುಮಾಡಬೇಕು, ಅದನ್ನು ಹೇಳು.

ನಿನ್ನ ಸೋದರತ್ತೆ,
ಸೈಮಾ

*

ಒಮಾಹಾ, ನೆಬ್ರಾಸ್ಕಾ
18 ಫೆಬ್ರವರಿ 2014

ಅತ್ತೆ,

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಓದಿದೆ. ಆಫೀಸಿನಲ್ಲಿ ಓದಿದ್ದರೆ ಮುಖ ಮರೆಮಾಚಲು ಆಗುತ್ತಿರಲಿಲ್ಲ.

ಸಾಹಿತ್ಯ ಓದಿದವಳಿಗೆ ಅಲ್ಲೇನು ಕೆಲಸ ಎಂದು ನೀನು ಹಿಂದೆ ಕೇಳಿದ್ದೆ, ನಾನು ಜಾರಿಕೊಂಡಿದ್ದೆ. ಈಗ ಹೇಳುತ್ತೇನೆ. ಲಾಭಕ್ಕಲ್ಲದೆ ನಡೆಯುವ ಸಣ್ಣ ಸಂಸ್ಥೆಗಳು ಪ್ರತಿ ವರ್ಷ ತಮ್ಮ ನೌಕರರ ಪಟ್ಟಿಯನ್ನು ನಮಗೆ ಕಳಿಸುತ್ತವೆ. ಯೋಜನೆ ದೊಡ್ಡವರಿಗೆ ಒಂದು, ಚಿಕ್ಕವರಿಗೆ ಒಂದು ಎಂದು ನಡೆಯುತ್ತಿದೆಯೋ ಎಂಬುದನ್ನು ಪರೀಕ್ಷೆ ಮಾಡಿ, ಸರ್ಕಾರಕ್ಕೆ ಸಲ್ಲಿಸುವ ವರದಿ ತಯಾರಿಸುತ್ತೇವೆ. ನಮ್ಮ ಆಫೀಸಿನ ಯಜಮಾನರು ಡೆಲ್ಬರ್ಟ್ ಓಲ್ಟ್‌ಮನ್ಸ್ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ, "ಕತೆ ಓದಿದೋರಿಗೆ ಸುಳ್ಳು ಬೇಗ ಕಾಣ್ಸುತ್ತಮ್ಮ, ಕೂಡೋದು ಕಳೆಯೋದು ನಾನು ಕಲಿಸ್ತೀನಿ," ಎಂದಿದ್ದರು.

ಪುಸ್ತಕದಲ್ಲಿ ಇರುವುದನ್ನು ಮಾತ್ರ ಬರೆಯುತ್ತೇನೆ. ಇಂಥ ಯೋಜನೆಗೆ ಹಣ ಹಾಕುವ ಅವಕಾಶವನ್ನು ಎಲ್ಲ ನೌಕರರಿಗೂ ಕೊಡಬೇಕು. ವಾರಕ್ಕೆ ಇಪ್ಪತ್ತು ಗಂಟೆಗಿಂತ ಕಡಿಮೆ ದುಡಿಯುವವರನ್ನು ಬಿಡಬಹುದು, ನಿಜ. ಆದರೆ ಗಂಟೆ ಎಣಿಸಬೇಕಾದದ್ದು ಮನುಷ್ಯರದ್ದು, ಹುದ್ದೆಯದ್ದಲ್ಲ. ಒಂದೇ ಸಂಸ್ಥೆಯಲ್ಲಿ ಹದಿನೆಂಟು ಮತ್ತು ಹದಿನೆಂಟು ಎಂದರೆ ಮೂವತ್ತಾರು. ಅದಕ್ಕೆ ವಿನಾಯಿತಿ ಇಲ್ಲ.

ಇಷ್ಟು ಕಷ್ಟಪಟ್ಟು ಯಾಕೆ ಸೀಳುತ್ತಾರೆ ಎಂದು ನೀನು ಕೇಳಬಹುದು. ಪರೀಕ್ಷೆಯಲ್ಲಿ ದೊಡ್ಡ ಸಂಬಳದವರಿಗೆ ಸಂಸ್ಥೆ ಸೇರಿಸಿದ ಪಾಲಿನ ಸರಾಸರಿಯನ್ನು ಚಿಕ್ಕ ಸಂಬಳದವರ ಸರಾಸರಿಯ ಪಕ್ಕ ಇಟ್ಟು ಅಳೆಯುತ್ತೇವೆ. ಅಂತರ ಮಿತಿ ಮೀರಿದರೆ ದೊಡ್ಡವರು ಹೆಚ್ಚಿನದ್ದನ್ನು ಬಿಟ್ಟುಕೊಡಬೇಕು. ಏನೂ ಸಿಗದ ಮೂವತ್ತೊಂದು ಸೊನ್ನೆಗಳು ಚಿಕ್ಕವರ ಸಾಲಿಗೆ ಸೇರಿದರೆ ಆ ಸರಾಸರಿ ಕುಸಿಯುತ್ತದೆ, ನಷ್ಟ ಯಾರಿಗೆಂದು ಯೋಚಿಸು. ಇನ್ನೊಂದು: ಯೋಜನೆಯಲ್ಲಿ ನೂರು ಜನ ದಾಟಿದರೆ ಹೊರಗಿನ ಲೆಕ್ಕ ತಪಾಸಣೆಯವರು ಬಂದು ಪ್ರತಿ ಪುಟ ತಿರುವಿ ನೋಡುತ್ತಾರೆ.

ನೀನು ಮಾಡಬೇಕಾದದ್ದು ಒಂದೇ. ಯೋಜನೆಯ ಕಾಗದಪತ್ರಗಳ ನಕಲು ಬೇಕೆಂದು ಒಂದು ಪತ್ರ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಮೂವತ್ತು ದಿನದಲ್ಲಿ ಕೊಡಬೇಕು. ಮೀರಿದರೆ ದಿನಕ್ಕಿಷ್ಟು ಎಂದು ದಂಡ ಬೀಳಬಹುದು.

ಪಿನ್ನುಗಳನ್ನು ಕೆರೆಗೆ ಹಾಕಿಬಿಟ್ಟೆಯಲ್ಲ ಅತ್ತೆ! ಅವಳೇ ಕೆತ್ತಿಸಿ ಕೊಟ್ಟ ಗಂಟೆಗಳು. ಇನ್ನು ಮುಂದೆ ಒಂದು ಕಾಗದವನ್ನೂ ಸುಡಬೇಡ, ಎಸೆಯಬೇಡ.

ಇದನ್ನೆಲ್ಲ ಬರೆಯುವಾಗ ಕೈ ಸರಾಗವಾಗಿ ಓಡಲಿಲ್ಲ. ನಾನು ನಾಲ್ಕು ವರ್ಷ ಕಾಲೇಜು ಓದಿದ್ದು ಹೋಮ್‌ನ ವಿದ್ಯಾರ್ಥಿವೇತನದಲ್ಲಿ. ಆ ಚೆಕ್ಕಿನ ಮೇಲಿನ ಸಹಿ ಅವಳದ್ದೇ.

ಅನ್ನಿಕಾ

*

ಸ್ಲೇಟ್ ಹಾರ್ಬರ್
30 ಮಾರ್ಚ್ 2014

ಅನ್ನಿ,

ಪತ್ರ ಕಳಿಸಿದ ಎಂಟನೆಯ ದಿನ ಟ್ರೆವಾರೋ ತಾನೇ ಮನೆಗೆ ಬಂದಳು! ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಹಣ್ಣಿನ ಬುಟ್ಟಿ. ನಾನು ಕಾಫಿ ಕೊಟ್ಟೆ, ಆದರೆ ನಮ್ಮ ಸಿಹಿ ನಿಸು ರೊಟ್ಟಿ ಕೊಡಲಿಲ್ಲ. ಮೇಜಿನ ಮೇಲೆ ಆಗಷ್ಟೇ ಒಲೆಯಿಂದ ತೆಗೆದದ್ದು ಏಲಕ್ಕಿ ಘಮ ಬಿಡುತ್ತಿತ್ತು, ಅವಳು ಮೂಗರಳಿಸಿದಳು. ನಾನು ಅದರ ಮೇಲೆ ಬಟ್ಟೆ ಮುಚ್ಚಿದೆ. ಅಷ್ಟೇ ಸಾಕಿತ್ತು ಆ ದಿನಕ್ಕೆ.

"ಸೈಮಾ, ನಾವೆಲ್ಲ ಒಂದೇ ಮನೇವ್ರ ಥರ ಇದ್ವಿ. ಈ ರಿಜಿಸ್ಟರ್ ಪತ್ರ ಎಲ್ಲ ಯಾಕೆ? ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?"

"ಹನ್ನೊಂದು ವರ್ಷ ಹೇಳ್ಲಿಲ್ವಲ್ಲ ಮೇಡಂ."

"ಆ ದುಡ್ಡು ಎಲ್ಲಿಂದ ಬರ್ಬೇಕು, ಯೋಚ್ನೆ ಮಾಡು. ಮುದುಕರ ಹಾಲಿನ ದುಡ್ಡು ಅದು."

"ಆ ಹಾಲು ಕಾಯಿಸಿದೋಳು ನಾನೇ. ಎಷ್ಟು ನೀರು ಬೆರೆಸೋಕೆ ಹೇಳ್ತಿದ್ರಿ ಅಂತಾನೂ ಗೊತ್ತು."

ಅವಳ ಕಪ್ಪು ತಟ್ಟೆಗೆ ಬಡಿಯಿತು. ಆಗ ನಾನೂ ಸ್ವಲ್ಪ ಉಬ್ಬಿದೆ. ನನ್ನ ಹುಡುಗಿ ಒಮಾಹಾದಲ್ಲಿ ಇದೇ ಕೆಲಸ ಮಾಡುತ್ತಾಳೆ, ನಿಮ್ಮ ಹದಿನೆಂಟರ ಆಟ ಅವಳ ಮುಂದೆ ನಡೆಯುವುದಿಲ್ಲ ಎಂದೆ. ಅವಳ ಮುಖ ಆಗಲೇ ಬದಲಾಯಿತು. "ಹೌದಾ? ನಮ್ಮ ಅನ್ನಿಕಾ? ಯಾವ ಆಫೀಸು?" ಹೆಸರು ಹೇಳಿದೆ. ಕೇಳಿಸಿಕೊಂಡು ನಕ್ಕಳು. ಹೆದರಿ ನಕ್ಕಿರಬೇಕು.

ಹೋಗುವಾಗ ಬಾಗಿಲಲ್ಲಿ ಇನ್ನೊಂದು ಮಾತು ಹೇಳಿದಳು. ಅದನ್ನು ನಿನಗೆ ಬರೆಯುವುದಿಲ್ಲ.

ಚರ್ಚಿನ ಕಾಫಿ ಕೂಟದಲ್ಲಿ ಬಟ್ಟೆ ಒಗೆಯುವ ಟಿಲ್ಡಾಗೆ ಹೇಳಿದ್ದೇನೆ. ಟಿಲ್ಡಾಗೆ ಹೇಳಿದರೆ ಊರಿಗೇ ಹೇಳಿದಂತೆ. ಉಪ್ಪು ತಿಂದವಳು ನೀರು ಕುಡಿಯಲೇಬೇಕು. ನಾನು ಕೊಡವನ್ನೂ ತುಂಬಿಸಿ ಇಟ್ಟಿದ್ದೇನೆ.

ಸೈಮಾ

*

ಒಮಾಹಾ
12 ಏಪ್ರಿಲ್ 2014

ಅತ್ತೆ,

ಈ ವಿಷಯವನ್ನು ಇನ್ನು ನನಗೆ ಬರೆಯಬೇಡ. ನಾನೂ ಬರೆಯಲಾರೆ. ಕಾರಣ ಹೇಳುವಂತಿಲ್ಲ.

ಕಾಗದಗಳನ್ನು ಜೋಪಾನ ಮಾಡು. ಮಾವನ ಮಂಡಿ ನೋವು ಹೇಗಿದೆ?

ಅನ್ನಿಕಾ

*

ಸ್ಲೇಟ್ ಹಾರ್ಬರ್
27 ಏಪ್ರಿಲ್ 2014

ಅನ್ನಿಕಾ,

ಮಾವನ ಮಂಡಿ ಚೆನ್ನಾಗಿದೆ. ನಿನ್ನ ಮಂಡಿಯೇ ಬಗ್ಗಿದಂತಿದೆ.

ಕಾರಣ ಹೇಳುವಂತಿಲ್ಲವಂತೆ. ನಾನೇ ಹೇಳುತ್ತೇನೆ. ಅವಳ ಚೆಕ್ಕಿನಲ್ಲಿ ಓದಿದವಳು ನೀನು. ಪ್ರತಿ ಮೇ ತಿಂಗಳಲ್ಲಿ ನೀಲಿ ಅಂಗಿ ತೊಟ್ಟು, ಹೋಮ್‌ನ ಔತಣದಲ್ಲಿ ನೆಲ ನೋಡುತ್ತ ನಿಂತು ಧನ್ಯವಾದದ ಪತ್ರ ಓದುತ್ತಿದ್ದೆ. ಆಗ ನಾನು ಅಡುಗೆಮನೆಯ ಕಿಂಡಿಯಿಂದ ನೋಡಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ಅತ್ತಿದ್ದೆ. ಈಗ ನಿನ್ನ ಬಾಯಿ ಅವಳ ಚೀಲದಲ್ಲಿದೆ. ಒಂದು ಫೋನು ಮಾಡಿ ಹೆದರಿಸಿದಳೋ, ಇಲ್ಲ "ಮಗಳೆ" ಎಂದು ಕರೆದಳೋ?

ನಿನ್ನ ಅಪ್ಪ ಸತ್ತಾಗ ನಿನಗೆ ಏಳು ವರ್ಷ. ಅಂದಿನಿಂದ ನಿನಗೆ ತಲೆ ಬಾಚಿದವಳು ನಾನು, ಟ್ರೆವಾರೋ ಅಲ್ಲ.

ಸೈಮಾ ರಾಂತಾ

*

ಸ್ಲೇಟ್ ಹಾರ್ಬರ್
8 ಜೂನ್ 2014

ಅನ್ನಿಕಾ,

ಆರು ವಾರ ಆಯಿತು, ನಿನ್ನಿಂದ ಸುದ್ದಿ ಇಲ್ಲ. ನಾನು ಹೆಚ್ಚಾಗಿ ಬರೆದೆನೆಂದು ಮಾವ ಹೇಳುತ್ತಾನೆ. ನನಗೆ ಹಾಗೆ ಅನಿಸುವುದಿಲ್ಲ. ಇದರ ಜೊತೆ ಒಂದು ಬಾಟಲಿ ರೂಬಾರ್ಬ್ ಜಾಮು ಕಳಿಸಿದ್ದೇನೆ. ಪ್ರೀತಿಯಿಂದಲ್ಲ, ಒಂದು ಬಾಟಲಿ ಹೆಚ್ಚಾಗಿತ್ತು.

ನೀನು ಉತ್ತರಿಸದಿದ್ದರೂ ಬರೆಯುತ್ತೇನೆ, ಇನ್ನು ಯಾರ ಬಳಿ ಹೇಳಲಿ? ಕಾಗದಗಳು ಬಂದವು. ಇಪ್ಪತ್ತೊಂಬತ್ತನೆಯ ದಿನ, ಬೇಕೆಂದೇ. ಅದರ ಜೊತೆ ನಾನೇ ಸಹಿ ಹಾಕಿದ ಆರು ಹಾಳೆಗಳ ನಕಲು: "ನಾನು ವಾರಕ್ಕೆ ಇಪ್ಪತ್ತು ಗಂಟೆಗಿಂತ ಕಡಿಮೆ ಕೆಲಸ ಮಾಡುತ್ತೇನೆ, ನಿವೃತ್ತಿ ಯೋಜನೆ ನನಗೆ ಅನ್ವಯಿಸುವುದಿಲ್ಲ." 2008ರಿಂದ ಪ್ರತಿ ಆಗಸ್ಟ್‌ನಲ್ಲಿ ಒಂದೊಂದು. ಅವಳ ವಕೀಲ ಕೆಳಗೆ ಒಂದು ಸಾಲು ಬರೆದಿದ್ದಾನೆ: ಗಂಟೆಗಳ ಬಗ್ಗೆ ಬೇರೆ ಪುರಾವೆ ಇದ್ದರೆ ತೋರಿಸಿ ಎಂದು.

ಪುರಾವೆ ಹುಡುಕಿದೆವು. ನನ್ನ ಪಿನ್ನು ಕೆರೆಯಲ್ಲಿದೆ. ಟಿಲ್ಡಾಳ ಪಿನ್ನು ಅವಳ ಮೊಮ್ಮಗಳ ಗೊಂಬೆಯ ಜೊತೆ ಕಳೆದುಹೋಯಿತು. ಉಳಿದವರದ್ದರಲ್ಲಿ ಒಂದೆರಡು ಸಿಕ್ಕಿವೆ, ವರ್ಷ ಕೆತ್ತಿಲ್ಲ. ಪಿನ್ನಿನ ಪಟ್ಟಿ ಪ್ರತಿ ವರ್ಷ ಹೋಮ್‌ನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು, ದಾನಿಗಳು ನೋಡಲಿ ಎಂದು. ಎಲ್ಲರ ಮನೆಯಲ್ಲೂ ಕೇಳಿದೆ. ನಮ್ಮವರ ಬುದ್ಧಿ ಗೊತ್ತಲ್ಲ, ಆ ಪತ್ರಿಕೆ ಬಂದ ಶನಿವಾರವೇ ಅದರಿಂದ ಹಬೆಸ್ನಾನದ ಸೌನಾ ಒಲೆ ಹಚ್ಚಿದ್ದಾರೆ, ಮೂವತ್ತೊಂದು ಮನೆಯಲ್ಲೂ! ಹನ್ನೊಂದು ವರ್ಷ ನಮ್ಮ ಪುರಾವೆಯನ್ನು ನಾವೇ ಸುಟ್ಟು ಅದರ ಬಿಸಿಯಲ್ಲಿ ಬೆವರಿದ್ದೇವೆ. ಹೋಮ್‌ನಲ್ಲಿ ಕೇಳಿದರೆ ಹಳೆಯ ಪ್ರತಿಗಳು "ನೀರು ಬಿದ್ದು ಹಾಳಾದವು" ಎನ್ನುತ್ತಾರೆ.

ಅಂಗಡಿಯಲ್ಲಿ ಟ್ರೆವಾರೋ ಎದುರಾದಳು. "ಪ್ರೀತಿಯ ಗಂಟೆ ಅಂದ್ರೆ ಪ್ರೀತಿಯ ಗಂಟೆ ಸೈಮಾ, ಕೆಲಸದ ಗಂಟೆ ಅಲ್ಲ. ಪಿನ್ನು ಸಂಬಳದ ಚೀಟಿನಾ?" ಎಂದು ನನ್ನ ಬುಟ್ಟಿಯಲ್ಲಿದ್ದ ಈರುಳ್ಳಿ ನೋಡಿ ನಕ್ಕಳು.

ನಾನು ನಿದ್ದೆ ಮಾಡಿ ನಾಲ್ಕು ದಿನ ಆಯಿತು. ಆ ನಗು ಅಳಿಯುವವರೆಗೆ ಮಾಡುವುದಿಲ್ಲ.

ಸೈಮಾ

*

ಒಮಾಹಾ
21 ಜೂನ್ 2014

ಅತ್ತೆ,

ಈಗ ಇಷ್ಟನ್ನು ಹೇಳಬಹುದು ಎಂದು ಡೆಲ್ಬರ್ಟ್ ನಿನ್ನೆ ಒಪ್ಪಿಗೆ ಕೊಟ್ಟರು.

ನೀನು ನಮ್ಮ ಆಫೀಸಿನ ಹೆಸರು ಹೇಳಿದೆಯಲ್ಲ, ಆ ಕಾಫಿ ಕುಡಿದ ಎರಡನೆಯ ವಾರ ಹೋಮ್ ತನ್ನ ಯೋಜನೆಯ ಕೆಲಸವನ್ನು ಹಳಬರಿಂದ ಕಿತ್ತು ನಮ್ಮ ಆಫೀಸಿಗೇ ಒಪ್ಪಿಸಿತು. ನಾನೂರು ಸಂಸ್ಥೆಗಳ ಕಡತ ಇರುವ ಜಾಗ. ಹೊಸದೊಂದು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ. ಗ್ರಾಹಕರ ವಿಷಯ ಹೊರಗೆ ಮಾತಾಡಿದರೆ ನನ್ನ ಕೆಲಸ ಹೋಗುತ್ತದೆ, ಬಹುಶಃ ಇನ್ನೆಲ್ಲೂ ಸಿಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಕಡತದ ಮೇಲಿನ ಚೀಟಿಯಲ್ಲಿ ಅವಳ ದುಂಡು ಅಕ್ಷರ: "ನಮ್ಮ ಹೆಮ್ಮೆಯ ಅನ್ನಿಕಾಗೆ ನನ್ನ ನೆನಪು ತಿಳಿಸಿ." ನನ್ನ ಬಾಯಿಗೆ ಹಾಕಿದ ಬೀಗಕ್ಕೆ ಅವಳು ಹೂವನ್ನೂ ಸಿಕ್ಕಿಸಿದ್ದಳು.

ಅದೇ ದಿನ ಡೆಲ್ಬರ್ಟ್ ಮುಂದೆ ಹೋಗಿ, ಇದು ನನ್ನ ಅತ್ತೆ ದುಡಿದ ಜಾಗ ಎಂದೆ. ಅವರು ಮೊಟ್ಟೆಯ ಸ್ಯಾಂಡ್‌ವಿಚ್ ಕೆಳಗಿಟ್ಟರು.

"ಕಡತ ಮುಟ್ಟಿದ್ಯಾ?"

"ಹೊದಿಕೆ ಮಾತ್ರ ಸರ್."

"ಸರಿ. ಇನ್ಮೇಲೆ ಇದು ನನ್ನ ಮೇಜಿನ ಕೆಲಸ. ನೀನು ಯಾರಿಗೂ ಪತ್ರ ಬರೀಬೇಡ, ಮಾತಾಡ್ಬೇಡ. ನಿನ್ನ ಅತ್ತೆ ಬೈತಾರೆ, ಬೈಸ್ಕೊ."

ಬೈಸಿಕೊಂಡೆ. ನಿನ್ನ ಏಪ್ರಿಲ್ ಪತ್ರ ಇನ್ನೂ ನನ್ನ ಹತ್ತಿರ ಇದೆ. ಅದನ್ನೂ ಸುಡುವುದಿಲ್ಲ.

ಕಡತದೊಳಗೆ ಏನಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಡೆಲ್ಬರ್ಟ್ ಅವಳಿಗೆ ಏನೋ ಪ್ರಶ್ನೆ ಬರೆದರು, ಉತ್ತರಕ್ಕಾಗಿ ಕಾದರು, ಮೊನ್ನೆ ಕಡತವನ್ನು ಕಟ್ಟಿ ವಾಪಸು ಕಳಿಸಿದರು. "ನಾನು ಸಹಿ ಹಾಕೋ ವರದಿ ಅಲ್ಲ ಅದು" ಎಂದಷ್ಟೇ ಹೇಳಿದರು. ಅವಳು ಈಗ ನಮ್ಮ ಗ್ರಾಹಕಳಲ್ಲ. ಒಳಗಿನದ್ದು ಒಳಗೇ ಇರಲಿ.

ಆದರೆ ನನ್ನ ಪೆಟ್ಟಿಗೆ ನನ್ನದು, ಅತ್ತೆ.

ನಿನ್ನ ಜೂನ್ ಪತ್ರ ಓದಿ ಹಾಸಿಗೆಯ ಕೆಳಗಿನ ಪೆಟ್ಟಿಗೆ ಎಳೆದೆ. ಹೋಮ್‌ನ ಪತ್ರಿಕೆಯ ನಾಲ್ಕು ಪ್ರತಿಗಳು ಅಲ್ಲಿವೆ, 2009ರಿಂದ 2012ರವರೆಗೆ. ನಾನು ಬರೆದದ್ದು ಮೊದಲ ಸಲ ಅಚ್ಚಾದದ್ದು ಅವುಗಳಲ್ಲಿ, ಆ ಧನ್ಯವಾದದ ಪತ್ರಗಳು. ಬರಹಗಾರ್ತಿಯಾಗುವ ಆಸೆಯಿದ್ದ ಹುಡುಗಿ ತನ್ನ ಹೆಸರು ಅಚ್ಚಾದ ಕಾಗದದಿಂದ ಒಲೆ ಹಚ್ಚುತ್ತಾಳೆಯೇ? ಐದನೆಯ ಪುಟದಲ್ಲಿ ನಾನು: "ಈ ಉಪಕಾರವನ್ನು ಹೇಗೆ ತೀರಿಸಲಿ?" ಹಾಳೆ ತಿರುವಿದರೆ ಆರನೆಯ ಪುಟ: "ನಮ್ಮ ನೌಕರರ ಪ್ರೀತಿಯ ಗಂಟೆಗಳು." ಕೆಳಗೆ ಪ್ರತಿ ವರ್ಷದ ಪಟ್ಟಿ, ಮೂವತ್ತೊಂದು ಹೆಸರು. ಎಲ್ಲಕ್ಕಿಂತ ಮೇಲೆ ಅವಳದೇ ಒಂದು ಸಾಲು: "ಇವು ಸಂಬಳದ ಪುಸ್ತಕದಿಂದಲೇ ತೆಗೆದ ನಿಖರ ಗಂಟೆಗಳು, ಒಂದೂ ಉತ್ಪ್ರೇಕ್ಷೆಯಲ್ಲ." ದಾನಿಗಳು ನಂಬಲಿ ಎಂದು ಬರೆದಿದ್ದಾಳೆ. ನಂಬೋಣ.

ನನ್ನ ಕೃತಜ್ಞತೆಯ ಹಿಂಬದಿಯಲ್ಲೇ ನಿನ್ನ ಗಂಟೆಗಳಿದ್ದವು. ಐದು ವರ್ಷ ನಾನು ಹಾಳೆ ತಿರುವಲಿಲ್ಲ.

ಇನ್ನೊಂದು ಕೇಳಬೇಕು. ನೀನು ಸಹಿ ಹಾಕಿದ್ದು ಪ್ರತಿ ಆಗಸ್ಟ್‌ನಲ್ಲಿ, 2008ರಿಂದ. ನನ್ನ ಚೆಕ್ಕು ಬರುತ್ತಿದ್ದದ್ದೂ ಆಗಸ್ಟ್‌ನಲ್ಲಿ, 2008ರಿಂದ. ಅವಳು ಬಾಗಿಲಲ್ಲಿ ಹೇಳಿದ ಮಾತು ಯಾವುದು?

ಜಾಮು ತಿಂದು ಮುಗಿಸಿದೆ.

ಅನ್ನಿ

*

ಸ್ಲೇಟ್ ಹಾರ್ಬರ್
5 ಜುಲೈ 2014

ಅನ್ನಿ, ಮಗಳೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಏಪ್ರಿಲ್‌ನಲ್ಲಿ ಬರೆದದ್ದಕ್ಕೆ ಕ್ಷಮೆ ಕೇಳಲು ನನಗೆ ಬರುವುದಿಲ್ಲ. ಅದಕ್ಕೇ ಎರಡು ಬಾಟಲಿ ಕಳಿಸುತ್ತಿದ್ದೇನೆ.

ನಿನಗೆ ಕಾಲೇಜಿನಲ್ಲಿ ಜಾಗ ಸಿಕ್ಕ ವರ್ಷ ಟ್ರೆವಾರೋ ನನ್ನನ್ನು ಆಫೀಸಿಗೆ ಕರೆದಳು. ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇದ್ದವು. ಒಂದು ನಿನ್ನ ವಿದ್ಯಾರ್ಥಿವೇತನದ ಅರ್ಜಿ, ಇನ್ನೊಂದು ಆ ಹಾಳೆ. "ಸೈಮಾ, ಇದಕ್ಕೆ ನೀನು ಸಹಿ ಹಾಕು, ಅದಕ್ಕೆ ನಾನು ಹಾಕ್ತೀನಿ." ಒಂದೇ ಪೆನ್ನು. ನಾನು ಹಾಕಿ ಅವಳ ಕೈಗೆ ಕೊಟ್ಟೆ. ಅದೇನು ಯೋಜನೆ ಎಂದು ಕೇಳಲಿಲ್ಲ. ಹಾಳೆಯಲ್ಲಿ ಬರೆದದ್ದು ಸುಳ್ಳು ಎಂದು ಮಾತ್ರ ಗೊತ್ತಿತ್ತು. ನಾಲ್ಕು ವರ್ಷ ಹೀಗೆ ನಡೆಯಿತು. ನಿನ್ನ ಓದು ಮುಗಿದ ಮೇಲೂ ಎರಡು ವರ್ಷ ಹಾಕಿದೆ. ಕೇಳುವ ಬಾಯಿ ಆಗಲೇ ಹೋಗಿತ್ತು.

"ಯಾವ ಖಾತೆ?" ಎಂದು ಕೇಕಿನ ಮುಂದೆ ನಾನು ಕೇಳಿದ್ದು ನಿಜ. ಆದರೆ ರೂಥ್ ಬಾಯಿ ಬಿಟ್ಟ ಕ್ಷಣವೇ ಆ ಎರಡು ಕಾಗದ ಕಣ್ಣಮುಂದೆ ಬಂದವು. ಅದಕ್ಕೇ ಪಿನ್ನುಗಳನ್ನು ಕೆರೆಗೆ ಹಾಕಿದ್ದು. ಅವಳ ಮೇಲಿನ ಸಿಟ್ಟು ಅರ್ಧ, ನನ್ನ ಮೇಲಿನದ್ದು ಅರ್ಧ.

ಬಾಗಿಲಲ್ಲಿ ಅವಳು ಹೇಳಿದ್ದು ಇದು: "ಹುಡುಗಿಗೆ ಗೊತ್ತಾ ಸೈಮಾ, ಅವಳ ಓದಿಗೆ ನೀನೇನು ಕೊಟ್ಟೆ ಅಂತ?"

ಮೊನ್ನೆ ಮತ್ತೆ ಬಂದಳು, ಈ ಸಲ ವಕೀಲನ ಜೊತೆ. ನಿನ್ನ ಪತ್ರಿಕೆಗಳ ಸುದ್ದಿ ಟಿಲ್ಡಾ ಮೂಲಕ ಅವಳ ಕಿವಿಗೆ ಬಿದ್ದಿದೆ. ನನಗೊಬ್ಬಳಿಗೆ ಹದಿನಾಲ್ಕು ಸಾವಿರ ಡಾಲರ್ ಸದ್ದಿಲ್ಲದೆ ಕೊಡುತ್ತಾರಂತೆ. ಪತ್ರಿಕೆಗಳನ್ನು ಅವರಿಗೆ ಒಪ್ಪಿಸಬೇಕು, ಕಾರ್ಮಿಕ ಇಲಾಖೆಗೆ ಬರೆಯಬಾರದು. ಬರೆದರೆ, ಸೈಮಾ ರಾಂತಾ ತನ್ನ ಸಹಿ ಮಾರಿ ತಮ್ಮನ ಮಗಳಿಗೆ ವಿದ್ಯಾರ್ಥಿವೇತನ ಕೊಡಿಸಿದಳು ಎಂದು ಊರೆಲ್ಲ ತಿಳಿಯುತ್ತದೆ. ನಿನ್ನ ಆಫೀಸಿನ ಯಜಮಾನರಿಗೂ ಒಂದು ಪತ್ರ ಹೋಗುತ್ತದೆ.

ಹದಿನಾಲ್ಕು ಸಾವಿರ ಬಂದರೆ ಚಾವಣಿ ಹೊದಿಸಬಹುದು, ಮಾವನ ಮಂಡಿ ಸರಿಮಾಡಿಸಬಹುದು. ಉಳಿದ ಮೂವತ್ತು ಜನಕ್ಕೆ ಏನೂ ಇಲ್ಲ, ಅವಳು ಅದೇ ಕುರ್ಚಿಯಲ್ಲಿ ಕೂತಿರುತ್ತಾಳೆ. ನನಗೆ ಚಾವಣಿ ಬೇಡ, ಆ ಕುರ್ಚಿ ಬೇಕು. ಆದರೆ ಪತ್ರಿಕೆ ನಿನ್ನದು, ಅದರ ಮೇಲಿನ ಹೆಸರೂ ನಿನ್ನದು. ನೀನು ಬೇಡವೆಂದರೆ ನಾನು ಹಲ್ಲು ಕಚ್ಚಿ ಸುಮ್ಮನಾಗುತ್ತೇನೆ. ಹಲ್ಲು ಮುರಿದರೂ ಸರಿ.

ನಿನ್ನ ಅತ್ತೆ

*

ಒಮಾಹಾ
14 ಜುಲೈ 2014

ಅತ್ತೆ,

ಪತ್ರ ಬಂದ ದಿನವೇ ಅದನ್ನು ಡೆಲ್ಬರ್ಟ್ ಮುಂದೆ ಇಟ್ಟೆ. ಓದಿ, "ಅವಳ ಪತ್ರ ಬರೋಕ್ಮುಂಚೆ ನಿಂದು ಬಂತಲ್ಲ, ಸಾಕು. ನಾಳೆ ಒಂಬತ್ತಕ್ಕೆ ಬಾ, ಕೆಲಸ ರಾಶಿ ಬಿದ್ದಿದೆ," ಎಂದರು.

ನಾಲ್ಕು ಪತ್ರಿಕೆಗಳನ್ನು ಇವತ್ತು ಕಾರ್ಮಿಕ ಇಲಾಖೆಗೆ ಕಳಿಸಿದೆ. ಜೊತೆಗಿನ ಪತ್ರವನ್ನು ನಾನೇ ಬರೆದಿದ್ದೇನೆ. ಎರಡು ಕಾಗದ, ಒಂದು ಪೆನ್ನಿನ ವಿಷಯವನ್ನೂ ಮುಚ್ಚಿಡದೆ ಬರೆದೆ. ಅವಳು ಹೇಳಿ ಬೆದರಿಸಲು ಏನೂ ಉಳಿಯಬಾರದು. ಸಹಿಯಲ್ಲಿ ನನ್ನ ಪೂರ್ತಿ ಹೆಸರಿದೆ.

ಅವಳಿಗಾಗಿ ನಾನು ಬರೆದ ಐದನೆಯ ಪತ್ರ ಅದು. ಮೊದಲ ನಾಲ್ಕು ಏನೂ ಚೆನ್ನಾಗಿರಲಿಲ್ಲ, ಈಗ ಓದಿದರೆ ನಾಚಿಕೆಯಾಗುತ್ತದೆ. ಇದು ಚೆನ್ನಾಗಿ ಬಂದಿದೆ.

ಅನ್ನಿಕಾ ರಾಂತಾ

*

ಸ್ಲೇಟ್ ಹಾರ್ಬರ್
10 ಮೇ 2015

ಅನ್ನಿ,

ಫೋನಿನಲ್ಲಿ ತುಂಡು ತುಂಡಾಗಿ ಕೇಳಿದ್ದೀಯ. ಇದನ್ನು ಕೂತು ಬರೆಯಬೇಕೆಂದೇ ಒಂದು ವಾರ ಕೂಡಿಟ್ಟುಕೊಂಡಿದ್ದೆ.

ಹದಿನೆಂಟಕ್ಕೆ ಹದಿನೆಂಟು ಕೂಡಿಸಲು ಸರ್ಕಾರಕ್ಕೆ ಒಂಬತ್ತು ತಿಂಗಳು ಹಿಡಿಯಿತು. ಬಂದ ಅಧಿಕಾರಿ ಬೂದು ಕೋಟಿನ ಸಣ್ಣ ಹೆಂಗಸು, ದನಿ ಏರಿಸದವಳು. ಅವಳು ಪತ್ರಿಕೆಯ ಆರನೆಯ ಪುಟವನ್ನು ಸಂಬಳದ ಪುಸ್ತಕದ ಪಕ್ಕ ಇಟ್ಟು, ಹೆಸರಿನ ಮೇಲೆ ಬೆರಳಿಡುತ್ತ ಹೋದಳಂತೆ. ಒಂದು ಗಂಟೆಯೂ ಉತ್ಪ್ರೇಕ್ಷೆಯಲ್ಲ. ಟ್ರೆವಾರೋ ತನ್ನ ಜೀವನದಲ್ಲಿ ಬರೆದ ಒಂದೇ ಸತ್ಯ ಅದು!

ವರದಿಯಲ್ಲಿ ತೊಂಬತ್ತಾರು ಜನ ಇದ್ದದ್ದು ನೂರಿಪ್ಪತ್ತೇಳಾಯಿತು. ಹೊರಗಿನ ತಪಾಸಣೆಯವರು ಬಂದರು. ನೀನು ಹೇಳಿದ ಆ ಪರೀಕ್ಷೆಯನ್ನು ವರ್ಷ ವರ್ಷಕ್ಕೂ ಮತ್ತೆ ಮಾಡಿದರು, ನಮ್ಮ ಮೂವತ್ತೊಂದು ಸೊನ್ನೆಗಳನ್ನು ಸೇರಿಸಿ. ಪ್ರತಿ ವರ್ಷವೂ ಟ್ರೆವಾರೋ ನಪಾಸು. ಹೋಮ್ ಅವಳ ಖಾತೆಗೆ ಸೇರಿಸಿದ್ದ ಹೆಚ್ಚಿನ ಪಾಲು ಈಚೆ ಬಂತು. ನಾವು ಕಳೆದುಕೊಂಡದ್ದನ್ನು ಬಡ್ಡಿ ಸಮೇತ ತುಂಬಬೇಕೆಂದಾಯಿತು. ಎಷ್ಟೆಂದು ಬರೆಯುವುದಿಲ್ಲ, ಚಾವಣಿ ಹೊದಿಸಿದ್ದೇವೆ, ಮಾವ ಮೆಟ್ಟಿಲು ಹತ್ತುತ್ತಾನೆ. ಮುದುಕರ ಹಾಲಿಗೆ ಏನೂ ಆಗಲಿಲ್ಲ. ಹೋಮ್ ದುಡ್ಡಿನಲ್ಲಿ ಅವಳಿಗೆ ಕೊಡಿಸಿದ್ದ ಕಾರನ್ನು ಆಡಳಿತ ಮಂಡಳಿ ಮಾರಿತು.

ಮತ್ತೆ ಆ ಪತ್ರಗಳು. ಮೂವತ್ತೊಂದು ಜನಕ್ಕೂ "ನೀವು ಅರ್ಹರಿದ್ದಿರಿ, ನಿಮ್ಮನ್ನು ತಪ್ಪಾಗಿ ಹೊರಗಿಟ್ಟೆವು" ಎಂದು ಹೋಮ್ ಬರೆಯಬೇಕಿತ್ತು. ಸಹಿಯ ಅಚ್ಚು ಒತ್ತಿದರೂ ಸಾಕಾಗಿತ್ತಂತೆ. ನಾನು ಮಂಡಳಿಯವರ ಮುಂದೆ ಹೋಗಿ, "ಪಿನ್ನು ಕೈಯಾರೆ ಚುಚ್ಚಿದ್ರು, ಇದಕ್ಕೂ ಕೈಯಾರೆ ಸಹಿ ಹಾಕ್ಲಿ," ಎಂದೆ. ಟ್ರೆವಾರೋ ಸಹಿ ಹಾಕುವಾಗ ರೂಥ್ ಪಕ್ಕ ನಿಂತು ಒಂದೊಂದೇ ಹಾಳೆ ಸರಿಸಿದಳು. ಒಂದೇ ಪೆನ್ನು.

ಈ ತಿಂಗಳ ಎರಡರಂದು ಔತಣ. ಟ್ರೆವಾರೋಗೆ ಅದೇ ಕೊನೆಯ ಸಂಜೆ. ರಾಜೀನಾಮೆ ಕೊಟ್ಟಾಗಿತ್ತು, ಆದರೆ ದಾನಿಗಳ ಮುಂದೆ "ವಿಶ್ರಾಂತಿಗೆ ಹೋಗುತ್ತಿದ್ದಾರೆ" ಎಂದು ಹೇಳುವ ಏರ್ಪಾಡಾಗಿತ್ತು. ನಾವು ಮೂವತ್ತೊಂದು ಜನ ಹೋದೆವು, ಚರ್ಚಿಗೆ ಹೋಗುವ ಬಟ್ಟೆಯಲ್ಲಿ. ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಬೌಲಿಂಗ್ ಆಟದ ಬಹುಮಾನದ ಕಪ್ಪುಗಳಿಗೆ ಹೆಸರು ಕೆತ್ತುವ ಅಲ್ಬಿನ್ ಹತ್ತಿರ ನಾನು ಮೊದಲೇ ಒಂದು ಪಿನ್ನು ಮಾಡಿಸಿದ್ದೆ. ಹಳೆಯ ಪಿನ್ನುಗಳನ್ನೂ ಅವನೇ ಕೆತ್ತಿದ್ದು. ದುಡ್ಡು ತೆಗೆದುಕೊಳ್ಳಲಿಲ್ಲ, ಅವನ ತಂಗಿಯೂ ನಮ್ಮ ಪಟ್ಟಿಯಲ್ಲಿದ್ದಾಳೆ.

ಪಿನ್ನು ಕೊಡುವ ಹೊತ್ತಿಗೆ ನಾನು ಎದ್ದು ವೇದಿಕೆಗೆ ಹೋದೆ. ಅವಳು ಮೆಲ್ಲಗೆ, ತುಟಿ ಅಲುಗದಂತೆ, "ಸೈಮಾ, ಬೇಡ. ಜನ ನೋಡ್ತಿದಾರೆ," ಎಂದಳು.

"ನೋಡ್ಲಿ ಅಂತಾನೇ ಮೇಡಂ."

"ನಾನು ಹೋಮ್ ಉಳಿಸೋಕೆ ಮಾಡ್ದೆ."

"ಉಳ್ಸಿದ್ರಿ, ಗೊತ್ತು. ಯಾರ ಪಾಲು ಉಳ್ಸಿದ್ರಿ ಅಂತಾನೂ ಗೊತ್ತು. ಅಲುಗಾಡ್ಬೇಡಿ, ಮೈಗೆ ಚುಚ್ಚಿದ್ರೆ ಕಷ್ಟ."

ಚುಚ್ಚಿದೆ, ಅವಳ ನೀಲಿ ರೇಷ್ಮೆಯ ಮೇಲೆ. ಆಮೇಲೆ ಮೈಕಿನಲ್ಲಿ ಓದಿದೆ: "ಲೋರೇನ್ ಟ್ರೆವಾರೋ, ಪ್ರೀತಿಯ ಹದಿನೆಂಟು ಗಂಟೆ." ದಾನಿಗಳಿಗೆ ಏನೂ ಅರ್ಥವಾಗಲಿಲ್ಲ, ಅಭ್ಯಾಸದಂತೆ ಚಪ್ಪಾಳೆ ತಟ್ಟಿದರು. ನಮ್ಮ ಮೂವತ್ತು ಜನ ತಟ್ಟಲಿಲ್ಲ. ಎದ್ದು ನಿಂತರು, ಅಷ್ಟೇ. ಅಷ್ಟು ಹೆಂಗಸರು ಸುಮ್ಮನೆ ನಿಂತರೆ ಎಷ್ಟು ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಪಿನ್ನು ತೆಗೆದರೆ ಯಾಕೆಂದು ದಾನಿಗಳು ಕೇಳುತ್ತಾರೆ. ಅದಕ್ಕೇ ಅವಳು ಇಡೀ ಊಟ, ಐಸ್‌ಕ್ರೀಮು, ಭಾಷಣ ಎಲ್ಲ ಮುಗಿಯುವವರೆಗೆ ಅದನ್ನು ಎದೆಯ ಮೇಲೆ ಹೊತ್ತು ನಕ್ಕಳು. ಅಂಗಡಿಯಲ್ಲಿ ಈರುಳ್ಳಿ ನೋಡಿ ನಕ್ಕ ಅದೇ ಬಾಯಿ. ನಾನು ಎದುರಿನ ಮೇಜಿನಲ್ಲಿ ಕೂತು ಪೂರ್ತಿ ನೋಡಿದೆ. ಕೇಕು ಬೇರೆ ಯಾರೋ ಮಾಡಿದ್ದರು, ಸಕ್ಕರೆ ಜಾಸ್ತಿ. ಎರಡು ತುಂಡು ತಿಂದೆ.

ಸೇಡು ತೀರಿದ ಮೇಲೆ ಬಾಯಿ ಕಹಿಯಾಗುತ್ತದೆಂದು ಪಾದ್ರಿ ಹೇಳಿದ್ದ. ಅವನು ಯಾವತ್ತೂ ತೀರಿಸಿಕೊಂಡಿರಲಿಕ್ಕಿಲ್ಲ. ಅವತ್ತು ಬಂದು ಮಲಗಿದವಳು ಬೆಳಿಗ್ಗೆ ಒಂಬತ್ತಕ್ಕೆ ಎದ್ದೆ.

ಒಂದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ಕಾಗದವನ್ನೂ ಸುಡಬೇಡ ಎಂದಿದ್ದೆ ನೀನು. ಹೋಮ್‌ನ ಪತ್ರವನ್ನು ಚೌಕಟ್ಟು ಹಾಕಿಸಿ ಒಲೆಯ ಮೇಲೆ ತೂಗುಹಾಕಿದ್ದೇನೆ, ಅದಕ್ಕೆ ಏನೂ ಆಗಿಲ್ಲ. ಆದರೆ ಶುಕ್ರವಾರ ಟ್ರೆವಾರೋಳಿಂದ ಬೇರೊಂದು ಪತ್ರ ಬಂತು, ಅವಳದೇ ದುಂಡು ಅಕ್ಷರದಲ್ಲಿ ನಾಲ್ಕು ಪುಟ. ಮೊದಲ ಸಾಲಿನಲ್ಲಿ "ನನ್ನನ್ನು ಕ್ಷಮಿಸು" ಎಂದಿತ್ತು. ಮುಂದೆ ಏನಿತ್ತೋ ತಿಳಿಯದು. ಶನಿವಾರ ಸೌನಾ ಒಲೆಗೆ ಕಾಗದ ಬೇಕಿತ್ತು. ಒಳ್ಳೆಯ ದಪ್ಪ ಕಾಗದ, ಅನ್ನಿ. ಒಂದೇ ಕಡ್ಡಿಗೆ ಹತ್ತಿಕೊಂಡಿತು.

ಅತ್ತೆ